‘ಒಡೆಸಿ ಅಂಡ್ ಒರಾಕಲ್’ ಮೊನೊ ಎಲ್‌ಪಿ ಕೊಳ್ಳುವ ಮುಂಚೆ ಇದನ್ನು ಓದಿ

ದಿ ಜಾಂಬೀಸ್ ಅನ್ನುವ ಇಂಗ್ಲೆಂಡಿನ ರಾಕ್ ತಂಡದ ‘ಒಡೆಸಿ ಅಂಡ್ ಒರಾಕಲ್’ ಆಲ್ಬಮ್ಮಿನ ಒಂದು ಮರುಮುದ್ರಣ ಎಲ್‌ಪಿ (ಸೂಜಿ ಇಟ್ಟು ಕೇಳುವ ದೊಡ್ಡ ರೆಕಾರ್ಡ್) ಆನ್‌ಲೈನಿನಲ್ಲಿ ಮಾರಾಟವಾಗುತ್ತಿದೆ. ‘ಮೊನೊ, 180 ಗ್ರಾಂ, ಮೂಲ ಟೇಪಿನಿಂದ ಮಾಡಿದ್ದು’ ಎಂದು ಬರೆದಿರುತ್ತಾರೆ. ನಾನು ಕೊಂಡೆ. ಅದು ನಕಲಿ. ಹೇಳಿದ ಹಾಗೆ ಮೊನೊ ಮಿಕ್ಸ್ ಕೂಡ ಅಲ್ಲ. (ದನಿ, ವಾದ್ಯ ಯಾವುದು ಎಷ್ಟು ಕೇಳಬೇಕು ಅಂತ ಹದ ಮಾಡಿ ಕೂಡಿಸುವುದೇ ಮಿಕ್ಸ್. ಎಲ್ಲ ಸದ್ದೂ ಒಂದೇ ಆಗಿ ಬಂದರೆ ಮೊನೊ, ಎಡ ಬಲ ಬೇರೆ ಬೇರೆ ಬಂದರೆ ಸ್ಟೀರಿಯೋ.) ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಮಾರಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ತನ್ನ ದಾರಿಯಲ್ಲಿ ನಡೆಯಲಿ. ಹೆಸರಿಗಿಂತ ಗುರುತುಗಳೇ ಮುಖ್ಯ. ನಾಳೆ ಇದೇ ರೆಕಾರ್ಡನ್ನು ಇನ್ಯಾರೋ ಮಾರಿದರೂ ನಿಮಗೆ ಗೊತ್ತಾಗಬೇಕು.

ಈ ಆಲ್ಬಮ್ಮಿನಲ್ಲಿ ಮೊನೊ ಅನ್ನುವ ಮಾತಿಗೆ ಯಾಕಿಷ್ಟು ಬೆಲೆ ಅಂತ ಮೊದಲು ಹೇಳುತ್ತೇನೆ. 1967ರಲ್ಲಿ ಸಿಬಿಎಸ್ ಅನ್ನುವ ರೆಕಾರ್ಡ್ ಕಂಪನಿ ಈ ತಂಡಕ್ಕೆ ಕೊಟ್ಟಿದ್ದು ಸಾವಿರ ಪೌಂಡ್. ಅಷ್ಟರಲ್ಲೇ ಇಡೀ ಆಲ್ಬಮ್ ಮುಗಿಯಬೇಕು. ಹೆಚ್ಚಿನ ಹಾಡುಗಳು ರೆಕಾರ್ಡ್ ಆಗಿದ್ದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ. ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಮುಗಿಸಿ ಹೋಗಿ ಜಾಸ್ತಿ ದಿನ ಆಗಿರಲಿಲ್ಲ. ಅವರಲ್ಲಿ ಒಬ್ಬರಾದ ಜಾನ್ ಲೆನನ್ ಬಿಟ್ಟುಹೋಗಿದ್ದ ಮೆಲೊಟ್ರಾನ್ (ಬೇರೆ ವಾದ್ಯಗಳ ಸದ್ದನ್ನು ಟೇಪಿನಿಂದ ನುಡಿಸುವ ಕೀಬೋರ್ಡ್) ಅಲ್ಲೇ ಇತ್ತು. ಆರ್ಕೆಸ್ಟ್ರಾ ಕರೆಸಲು ದುಡ್ಡಿಲ್ಲದ ಹುಡುಗರಿಗೆ ಅದೇ ಪಿಟೀಲು, ಅದೇ ಕೊಳಲು. ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿಕೊಂಡು ಬರುತ್ತಿದ್ದರು, ಸ್ಟುಡಿಯೋ ಸಮಯ ಒಂದಿಷ್ಟೂ ಹಾಳಾಗಬಾರದು ಅಂತ.

ಅವರು ಮಿಕ್ಸ್ ಮಾಡಿ ಕಂಪನಿಗೆ ಕೊಟ್ಟಿದ್ದು ಮೊನೊದಲ್ಲಿ. ಆಮೇಲೆ ಕಂಪನಿ ಸ್ಟೀರಿಯೋ ಬೇಕು ಅಂದಿತು. ಬಜೆಟ್ ಅಷ್ಟರಲ್ಲಿ ಖಾಲಿ. ಹಾಡು ಬರೆದ ತಂಡದ ಸದಸ್ಯರು ರಾಡ್ ಅರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ಕೈಯಿಂದ ದುಡ್ಡು ಹಾಕಿ ಸ್ಟೀರಿಯೋ ಮಿಕ್ಸ್ ಮಾಡಿಸಿದರು. ಆದರೆ ಒಂದು ಹಾಡು ಸಿಕ್ಕಿಹಾಕಿಕೊಂಡಿತು: ‘ದಿಸ್ ವಿಲ್ ಬಿ ಅವರ್ ಇಯರ್’. ಇದರ ಬ್ರಾಸ್ ವಾದ್ಯಗಳನ್ನು (ತುತ್ತೂರಿಯಂಥವು) ತಂಡದ ಹಳೆಯ ನಿರ್ಮಾಪಕ ಕೆನ್ ಜೋನ್ಸ್ ನೇರವಾಗಿ ಮೊನೊ ಮಿಕ್ಸ್ ಮೇಲೇ ಸೇರಿಸಿಬಿಟ್ಟಿದ್ದರು. ದನಿ, ವಾದ್ಯಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಆ ವಾದ್ಯಗಳೇ ಇಲ್ಲ. ಹಾಗಾಗಿ ಹಳೆಯ ಸ್ಟೀರಿಯೋ ಎಲ್‌ಪಿಯಲ್ಲಿ ಆ ಒಂದು ಹಾಡು ಮಾತ್ರ ಮೊನೊದಿಂದ ಎಳೆದು ಮಾಡಿದ ಹುಸಿ ಸ್ಟೀರಿಯೋ. ಮುಂದೆ ನಿಜವಾದ ಸ್ಟೀರಿಯೋದಲ್ಲಿ ಹೊರಗೆ ಬಂದಾಗ ಅದರಲ್ಲಿ ಬ್ರಾಸ್ ಇರಲಿಲ್ಲ.

ನಕಲಿ ಮಾಡಿದವರು ಸಿಕ್ಕಿಬಿದ್ದಿದ್ದು ಇಲ್ಲೇ. ನನಗೆ ಬಂದ ‘ಮೊನೊ’ ರೆಕಾರ್ಡಿನಲ್ಲಿ ಎರಡನೇ ಬದಿಯ ಮೂರನೇ ಹಾಡಿಗೆ ಸೂಜಿ ಇಟ್ಟೆ. ಪಿಯಾನೋ ಬಂತು, ತಂಡದ ಗಾಯಕ ಕಾಲಿನ್ ಬ್ಲನ್‌ಸ್ಟೋನ್ ದನಿ ಬಂತು. ಬ್ರಾಸ್ ಬರಲೇ ಇಲ್ಲ. ಅಂದರೆ ಯಾವುದೋ ಈಚಿನ ಸ್ಟೀರಿಯೋ ಸಿಡಿಯನ್ನೋ ಫೈಲನ್ನೋ ತಗೊಂಡು, ಎಡ ಬಲ ಎರಡನ್ನೂ ಕೂಡಿಸಿ, ಮೊನೊ ಅಂತ ಅಚ್ಚು ಹಾಕಿದ್ದಾರೆ. ಹೀಗೆ ಕೂಡಿಸಿದಾಗ ನಡುವೆ ಇದ್ದ ದನಿ ಮುಂದಕ್ಕೆ ನುಗ್ಗುತ್ತದೆ, ಬದಿಗಳಲ್ಲಿ ಇದ್ದದ್ದು ಹಿಂದೆ ಸರಿಯುತ್ತದೆ. ಸ್ಟುಡಿಯೋದಲ್ಲಿ ಕೂತು ಕಿವಿಯಿಂದ ಅಳೆದು ಮಾಡಿದ ಮೊನೊ ಮಿಕ್ಸ್ ಬೇರೆ, ಇದು ಬೇರೆ. ಹೆಡ್‌ಫೋನ್ ಹಾಕಿ ಎರಡೂ ಕಿವಿಯಲ್ಲಿ ಒಂದೇ ಸದ್ದು ಬರುತ್ತಿದೆಯಾ ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎರಡರಲ್ಲೂ ಹಾಗೇ ಬರುತ್ತದೆ. ಇನ್ನೊಂದು ಮಾತು: ಬ್ರಾಸ್ ಕೇಳಿಸಿದ ಮಾತ್ರಕ್ಕೆ ರೆಕಾರ್ಡ್ ಅಸಲಿ ಎಂದು ನಂಬಬೇಡಿ. ಮೊನೊ ಎಂದು ಮಾರಿದ್ದರಲ್ಲಿ ಅದು ಕೇಳಿಸದಿದ್ದರೆ ಮಾತ್ರ ಮೋಸ ಖಾತ್ರಿ.

ಅದರ ಪಕ್ಕದ ಹಾಡು ‘ಬುಚರ್ಸ್ ಟೇಲ್’. 1914ರ ಯುದ್ಧಕ್ಕೆ ಹೋದ ಒಬ್ಬ ಕಟುಕನ ಹಾಡು. ಕ್ರಿಸ್ ವೈಟ್ ಅವರೇ ಹಾಡಿದ್ದು. ಜೊತೆಗಿರುವುದು ಕಾಲಿನಿಂದ ಒತ್ತುವ ಹಾರ್ಮೋನಿಯಂ. ಭಯದಿಂದ ನಡುಗುವವನ ಹಿಂದೆ ಆ ತಿದಿಯ ಉಸಿರು ಕೇಳಬೇಕು, ಆಗಲೇ ಆ ಹಾಡಿಗೆ ಜೀವ. ನನ್ನ ರೆಕಾರ್ಡಿನಲ್ಲಿ ಅದರ ಜಾಗದಲ್ಲಿ ನೀರೊಳಗಿನಿಂದ ಬಂದ ಹಾಗೆ ಒಂದು ಮಸುಕು ಸದ್ದು. ಅನುಮಾನ ಬಂದು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡೆ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ತಗ್ಗಿನಿಂದ ಕೀಚಲಿನವರೆಗೆ ಯಾವ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ) ತೆಗೆದೆ. 16 ಕಿಲೋಹರ್ಟ್ಸ್ ಹತ್ತಿರ ಸಂಗೀತ ತಟ್ಟನೆ ನಿಲ್ಲುತ್ತದೆ, ಅದರ ಮೇಲೆ ಬರೀ ಸೂಜಿಯ ಸರಸರ. ಕಡಿಮೆ ಗುಣಮಟ್ಟದ ಎಂಪಿ3 ಫೈಲುಗಳು ಕತ್ತರಿಸುವುದು ಹೆಚ್ಚಾಗಿ ಅಲ್ಲೇ. ಮೂಲ ಟೇಪು ಹಾಗೆ ಗೆರೆ ಎಳೆದು ನಿಲ್ಲುವುದಿಲ್ಲ. 180 ಗ್ರಾಂ ಅನ್ನುವುದು ಪ್ಲಾಸ್ಟಿಕ್ಕಿನ ತೂಕ ಅಷ್ಟೇ. ಸದ್ದು ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ.

ಕವರ್ ನೋಡಿಯೂ ಪತ್ತೆ ಹಚ್ಚಬಹುದು. ಟೆರಿ ಕ್ವರ್ಕ್ ಬರೆದ ಚಿತ್ರದ ಬಣ್ಣಗಳು ಮಸುಕಾಗಿವೆ, ಓರೆಯಾಗಿ ಹಿಡಿದರೆ ಸ್ಕ್ಯಾನ್ ಮಾಡಿದ ಚುಕ್ಕಿಗಳ ಅಲೆ ಕಾಣುತ್ತದೆ. ಹಿಂಬದಿಯ ಸಣ್ಣ ಅಕ್ಷರಗಳು ಕಲಸಿಹೋಗಿವೆ. ಹಕ್ಕು ಯಾರದ್ದು ಅಂತ ಲೇಬಲ್ ಮೇಲೆ ಎಲ್ಲೂ ಇಲ್ಲ. ಆಲ್ಬಮ್ ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪಿರುವುದು (Odyssey ಬದಲು Odessey) ಮಾತ್ರ ನಕಲಿಯ ಗುರುತಲ್ಲ, 1968ರ ಮೊದಲ ಕವರಿನಿಂದಲೂ ಅದು ಹಾಗೇ ಇದೆ.

ಮಾರಿದವರಿಗೆ ಇದನ್ನೆಲ್ಲ ಫೋಟೋ ಸಮೇತ ಕಳಿಸಿದೆ. ಸೀಲ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದರು. ಸೀಲ್ ಒಡೆಯದೆ ಕೇಳುವುದು ಹೇಗೆ? ಆಮೇಲೆ ಇನ್ನೊಂದು ಉತ್ತರ: ಯುರೋಪಿನಲ್ಲಿ ಹಳೆಯ ರೆಕಾರ್ಡುಗಳ ಹಕ್ಕು ಮುಗಿದಿದೆ, ಇದು ಕಾನೂನುಬದ್ಧ ಅಂತ. ಇದನ್ನು ತುಂಬಾ ಜನ ನಂಬುತ್ತಾರೆ, ಆದ್ದರಿಂದ ಸರಿಯಾಗಿ ತಿಳಿದುಕೊಳ್ಳಿ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸಿದರು. 1962ರವರೆಗೆ ಬಿಡುಗಡೆಯಾದವು ಹಕ್ಕಿನಿಂದ ಹೊರಗೆ ಬಿದ್ದವು. 1963ರಿಂದ ಈಚಿನವಕ್ಕೆ ಹಕ್ಕು ಉಳಿಯಿತು. ಈ ಆಲ್ಬಮ್ 1968ರ ಏಪ್ರಿಲ್‌ನದ್ದು, ಅಲ್ಲಿ 2038ರ ಕೊನೆಯವರೆಗೆ ಹಕ್ಕು ಇದೆ. ನಮ್ಮ ದೇಶದ ಕಾನೂನಿನಲ್ಲಿ 60 ವರ್ಷ, ಅಂದರೆ ಇಲ್ಲಿಯೂ 2028ರ ಕೊನೆಯವರೆಗೆ ಇದೆ.

ನನಗೆ ಹೊಟ್ಟೆ ಉರಿಯುವುದು ದುಡ್ಡಿಗಿಂತ ಜಾಸ್ತಿ ಈ ತಂಡ ಪಟ್ಟ ಪಾಡಿಗೆ. ಆಲ್ಬಮ್ ಹೊರಗೆ ಬರುವ ಮುಂಚೆಯೇ ಅವರು ತಂಡ ಮುರಿದುಕೊಂಡಿದ್ದರು. ಇಷ್ಟು ಸೊಗಸಾಗಿ ಹಾಡಿದ ಬ್ಲನ್‌ಸ್ಟೋನ್ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. 1969ರಲ್ಲಿ ‘ಟೈಮ್ ಆಫ್ ದಿ ಸೀಸನ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋದಾಗ ಅಲ್ಲಿ ಹೋಗಿ ಹಾಡಲು ತಂಡವೇ ಇರಲಿಲ್ಲ. ಆಗ ಬೇರೆ ಯಾರೋ ಜಾಂಬೀಸ್ ಹೆಸರು ಹಾಕಿಕೊಂಡು ಅಮೆರಿಕದಲ್ಲಿ ಊರೂರು ಸುತ್ತಿ ಕಾರ್ಯಕ್ರಮ ಕೊಟ್ಟರು. ಒಂದು ನಕಲಿ ತಂಡದಲ್ಲಿ ಮುಂದೆ ‘ಜೀಜೀ ಟಾಪ್’ ಅನ್ನುವ ರಾಕ್ ತಂಡ ಸೇರಿದ ಡಸ್ಟಿ ಹಿಲ್ ಮತ್ತು ಫ್ರಾಂಕ್ ಬಿಯರ್ಡ್ ಇದ್ದರು. ಅಸಲಿ ತಂಡದವರಿಗೆ 2019ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಹೆಸರು ಕದ್ದು ದುಡ್ಡು ಮಾಡುವುದು ಇವತ್ತಿಗೂ ನಿಂತಿಲ್ಲ. ನಕಲಿ ರೆಕಾರ್ಡಿನ ಒಂದು ರೂಪಾಯಿಯೂ ಅವರಿಗೆ ಹೋಗುವುದಿಲ್ಲ.

ಆದ್ದರಿಂದ ದುಡ್ಡು ಕಳಿಸುವ ಮುಂಚೆ ಮೂರು ವಿಷಯ ಕೇಳಿ. ಲೇಬಲ್ಲಿನ ಫೋಟೋ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಖಾಲಿ ಇರುವ ಜಾಗದಲ್ಲಿ ಕೊರೆದಿರುವ ನಂಬರಿನ ಫೋಟೋ. ಯಾವ ಟೇಪಿನಿಂದ, ಯಾರು ಮಾಸ್ಟರ್ ಮಾಡಿದ್ದು (ಅಚ್ಚಿಗೆ ಸಿದ್ಧ ಮಾಡಿದ್ದು) ಅನ್ನುವ ವಿವರ. ನಂಬರನ್ನು ಡಿಸ್ಕಾಗ್ಸ್ ಅನ್ನುವ, ರೆಕಾರ್ಡುಗಳ ಪಟ್ಟಿ ಇರುವ ವೆಬ್‌ಸೈಟಿನಲ್ಲಿ ಹುಡುಕಿ. ಅನುಮತಿ ಇಲ್ಲದ ಮುದ್ರಣ ಅಂತ ಅಲ್ಲಿ ಗುರುತಾಗಿದ್ದರೆ ಅಲ್ಲಿಗೆ ಬಿಡಿ. ಸೀಲ್ ಒಡೆಯದ ಪ್ರತಿ ಅಂದರೆ ಕೊರೆದ ನಂಬರಿನ ಫೋಟೋ ಸಿಗುವುದಿಲ್ಲ ನಿಜ, ಆಗ ಕಂಪನಿಯ ಹೆಸರು ಮತ್ತು ಕ್ಯಾಟಲಾಗ್ ನಂಬರ್ ಕೇಳಿ. ಅದನ್ನೂ ಕೊಡದವರಿಂದ ಕೊಳ್ಳಬೇಡಿ.

ಈಗಾಗಲೇ ಕೊಂಡಿದ್ದರೆ, ಪ್ಯಾಕೆಟ್ಟು, ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಯಾವುದನ್ನೂ ಬಿಸಾಡಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಕಲಿ ಮಾಲನ್ನು, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ನಾನು ಬರೆಸಿದ್ದೇನೆ. ದಯವಿಟ್ಟು ಆ ರೆಕಾರ್ಡನ್ನು ಸುಮ್ನೆ ಅರ್ಧ ಬೆಲೆಗೆ ಇನ್ನೊಬ್ಬರಿಗೆ ದಾಟಿಸಬೇಡಿ.