ಗದ್ದದ ಕೂದಲಿಗೆ ಲೇಸರ್ ಚಿಕಿತ್ಸೆ: ಎಂಟು ಸಿಟ್ಟಿಂಗ್‌ಗಳ ನಂತರ

ಮೈಸೂರಿನ ಸರಸ್ವತಿಪುರಂನಲ್ಲಿರುವ ಚರ್ಮರೋಗ ತಜ್ಞೆಯೊಬ್ಬರ ಕ್ಲಿನಿಕ್ಕಿನಲ್ಲಿ ಗದ್ದ ಮತ್ತು ದವಡೆಯ ಅಂಚಿನ ಕೂದಲಿಗೆ ನಾನು ಲೇಸರ್ ಚಿಕಿತ್ಸೆ ಪಡೆದು, ಎಂಟನೆಯ ಸಿಟ್ಟಿಂಗ್ ಮುಗಿಸಿ ಈಗ ನಾಲ್ಕು ತಿಂಗಳಾಗಿದೆ. ಇಷ್ಟು ಕಾಲ ಕಾದು ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಚಿಕಿತ್ಸೆಯ ಫಲ ಕೊನೆಯ ಸಿಟ್ಟಿಂಗ್‌ನ ಮರುದಿನ ತಿಳಿಯುವುದಿಲ್ಲ. ಉದುರಿದ ಕೂದಲು ಮತ್ತೆ ಹುಟ್ಟುವುದೇ, ಹುಟ್ಟಿದರೆ ಎಷ್ಟು ದಪ್ಪವಾಗಿ ಹುಟ್ಟುವುದು ಎಂಬುದು ಕೆಲವು ತಿಂಗಳು ಕಳೆದ ಮೇಲಷ್ಟೇ ಗೊತ್ತಾಗುತ್ತದೆ. ಮೊದಲು ಎಂಟು ದಿನಕ್ಕೊಮ್ಮೆ ಥ್ರೆಡ್ಡಿಂಗ್‌ಗೆ ಹೋಗುತ್ತಿದ್ದ ನಾನು ಈಗ ಐದಾರು ವಾರಕ್ಕೊಮ್ಮೆ ಹತ್ತಾರು ಎಳೆಗಳನ್ನು ಮನೆಯಲ್ಲಿಯೇ ಸಣ್ಣ ಕತ್ತರಿಯಿಂದ ಕತ್ತರಿಸಿಕೊಳ್ಳುತ್ತೇನೆ. ಕೂದಲು ಪೂರ್ತಿ ಹೋಗಿಲ್ಲ. ಪೂರ್ತಿ ಹೋಗುವುದಿಲ್ಲ ಎಂದು ವೈದ್ಯೆ ಮೊದಲ ದಿನವೇ ಹೇಳಿದ್ದರು, ಮತ್ತು ನಾನು ಈ ಕ್ಲಿನಿಕ್ಕನ್ನು ಮೆಚ್ಚಿ ಬರೆಯಲು ಮುಖ್ಯ ಕಾರಣ ಆ ಮಾತೇ.

ಇದಕ್ಕೆ ಮೂರು ವರ್ಷ ಮೊದಲು ಬೇರೊಂದು ಕಡೆ, ಒಂದು ಬ್ಯೂಟಿ ಪಾರ್ಲರಿನಲ್ಲಿ, ‘ಶಾಶ್ವತವಾಗಿ ಕೂದಲು ತೆಗೆಯುವ ಲೇಸರ್’ ಎಂಬ ಆರು ಸಿಟ್ಟಿಂಗ್‌ಗಳ ಪ್ಯಾಕೇಜಿಗೆ ಮುಂಗಡ ಹಣ ಕಟ್ಟಿದ್ದೆ. ಅಲ್ಲಿ ಬಳಸಿದ್ದು ಲೇಸರೇ ಅಲ್ಲ, ಐಪಿಎಲ್ ಎಂಬ ಯಂತ್ರ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಲೇಸರಿನಿಂದ ಹೊಮ್ಮುವುದು ಒಂದೇ ತರಂಗಾಂತರದ ಬೆಳಕು. ಐಪಿಎಲ್‌ನಲ್ಲಿ ಹಲವು ತರಂಗಾಂತರಗಳ ಬೆಳಕು ಒಟ್ಟಿಗೆ ಮಿಂಚುತ್ತದೆ, ಬೇಡದ ಭಾಗವನ್ನು ಫಿಲ್ಟರ್ ಹಾಕಿ ತಡೆಯುತ್ತಾರೆ. ನುರಿತವರ ಕೈಯಲ್ಲಿ ಅದರಿಂದಲೂ ಫಲ ಸಿಗುತ್ತದೆ, ಆದರೆ ಕಂದು ಚರ್ಮದ ಮೇಲೆ ಅದನ್ನು ಬಳಸುವಾಗ ಬೇಕಾದ ಎಚ್ಚರ ಅಲ್ಲಿ ಇರಲಿಲ್ಲ. ಎರಡನೆಯ ಸಿಟ್ಟಿಂಗ್‌ನಲ್ಲಿ ದವಡೆಯ ಕೆಳಗೆ ಗುಳ್ಳೆಯೆದ್ದಿತು, ಗುಳ್ಳೆ ಒಣಗಿದ ಮೇಲೆ ಉಳಿದ ಕಪ್ಪು ಕಲೆ ಮಾಸಲು ಏಳು ತಿಂಗಳು ಹಿಡಿಯಿತು. ತರಗತಿಯಲ್ಲಿ ಪಾಠ ಮಾಡುವಾಗಲೂ ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡೇ ನಿಂತ ಆ ದಿನಗಳನ್ನು ನಾನು ಮರೆತಿಲ್ಲ.

ಆ ಕಲೆ ಏಕಾಯಿತು ಎಂಬುದನ್ನು ಈಗಿನ ವೈದ್ಯೆ ಒಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಲೇಸರಿನ ಬೆಳಕನ್ನು ಹೀರಿ ಕಾಯುತ್ತದೆ, ಆ ಕಾವು ಕೂದಲಿನ ಬುಡವನ್ನು ಸುಡುತ್ತದೆ. ಸುತ್ತಲಿನ ಚರ್ಮಕ್ಕೆ ಕಾವು ಹರಡುವಷ್ಟರಲ್ಲಿ ಬೆಳಕಿನ ಮಿಡಿತ ನಿಂತಿರಬೇಕು. 1983ರಲ್ಲಿ ಬಾಸ್ಟನ್ನಿನ ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಮಂಡಿಸಿದ ಈ ತತ್ವದ ಮೇಲೆಯೇ ಇಂದಿನ ಯಂತ್ರಗಳೆಲ್ಲ ನಿಂತಿವೆ. ತೊಡಕು ಏನೆಂದರೆ ಅದೇ ಮೆಲನಿನ್ ನಮ್ಮ ಚರ್ಮದ ಮೇಲ್ಪದರದಲ್ಲಿಯೂ ಇದೆ, ಮತ್ತು ಬಿಳಿಯರ ಚರ್ಮದಲ್ಲಿರುವುದಕ್ಕಿಂತ ಹೆಚ್ಚಾಗಿದೆ. ಬೆಳಕು ಕೂದಲಿನ ಬುಡವನ್ನು ತಲುಪುವ ಮೊದಲೇ ಚರ್ಮ ಅದನ್ನು ಹೀರಿಕೊಂಡರೆ ಸುಡುವುದು ಚರ್ಮವೇ. ತರಂಗಾಂತರ ಉದ್ದವಾದಷ್ಟೂ ಬೆಳಕು ಮೇಲ್ಪದರವನ್ನು ಬಿಟ್ಟು ಆಳಕ್ಕೆ ಇಳಿಯುತ್ತದೆಯಾದ್ದರಿಂದ, 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ತಿಳಿ ಬಣ್ಣದವರಿಗೆ ಹೊಂದುತ್ತದೆ, 810ರ ಆಸುಪಾಸಿನ ಡಯೋಡ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ, 1064ರ ಎನ್‌ಡಿ ಯಾಗ್ ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ. ಎನ್‌ಡಿ ಯಾಗ್‌ನ ನೋವು ಸ್ವಲ್ಪ ಜಾಸ್ತಿ, ತೆಳು ಕೂದಲಿನ ಮೇಲೆ ಅದರ ಪರಿಣಾಮ ಕಡಿಮೆ. ಎಲ್ಲಿಗೇ ಹೋದರೂ ‘ಯಾವ ಯಂತ್ರ, ಎಷ್ಟು ನ್ಯಾನೋಮೀಟರ್?’ ಎಂದು ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಭೇಟಿಯಲ್ಲಿ ಇಲ್ಲಿ ಲೇಸರನ್ನು ಮುಟ್ಟಲೇ ಇಲ್ಲ. ಮುಟ್ಟು ಸರಿಯಾಗಿ ಆಗುತ್ತದೆಯೇ, ತೂಕ ಹೆಚ್ಚಾಗಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದೆಲ್ಲ ಕೇಳಿ, ಹಾರ್ಮೋನು ಮತ್ತು ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟರು. ನನಗೆ ಇಪ್ಪತ್ತನಾಲ್ಕನೆಯ ವಯಸ್ಸಿನಿಂದ ಪಿಸಿಓಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು, ಇದೆ. ಲೇಸರ್ ಈಗ ಇರುವ ಕೂದಲನ್ನು ಸುಡಬಲ್ಲದೇ ಹೊರತು, ಈ ತೊಂದರೆಯಲ್ಲಿ ಹೆಚ್ಚುವ ಆಂಡ್ರೊಜೆನ್ ಎಂಬ ಗಂಡು ಹಾರ್ಮೋನು ಹೊಸ ಕೂದಲನ್ನು ದಪ್ಪಗೊಳಿಸುವುದನ್ನು ತಡೆಯಲಾರದು. ಆದ್ದರಿಂದ ಸ್ತ್ರೀರೋಗ ತಜ್ಞರ ಚಿಕಿತ್ಸೆ ಜೊತೆಯಲ್ಲಿ ನಡೆಯದಿದ್ದರೆ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂದು ವೈದ್ಯೆ ಸ್ಪಷ್ಟವಾಗಿ ಹೇಳಿದರು. ಆಮೇಲೆ ದವಡೆಯ ಹಿಂಬದಿಯಲ್ಲಿ ಒಂದು ಸಣ್ಣ ಜಾಗಕ್ಕೆ ಮಾತ್ರ ಪರೀಕ್ಷೆಗಾಗಿ ಲೇಸರ್ ಹಾಯಿಸಿ, ಒಂದು ವಾರ ಬಿಟ್ಟು ಚರ್ಮ ಹೇಗಿದೆ ಎಂದು ನೋಡಿದ ಮೇಲೆಯೇ ಚಿಕಿತ್ಸೆಯ ದಿನ ಗೊತ್ತುಮಾಡಿದರು. ಆ ದಿನಕ್ಕೆ ಮುಂಚಿನ ನಾಲ್ಕು ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮುಟದಿಂದ ಕೀಳುವುದು ಯಾವುದೂ ಕೂಡದು. ಕೂದಲನ್ನು ಬುಡಸಮೇತ ಕಿತ್ತರೆ ಲೇಸರಿಗೆ ಗುರಿಯೇ ಉಳಿಯುವುದಿಲ್ಲ. ಈ ನಾಲ್ಕು ವಾರ, ಸುಳ್ಳು ಹೇಳುವುದೇಕೆ, ನನಗೆ ಇಡೀ ಚಿಕಿತ್ಸೆಯಲ್ಲಿಯೇ ಅತ್ಯಂತ ಕಷ್ಟದ ಕಾಲವಾಗಿತ್ತು. ಬೋಳಿಸಿಕೊಳ್ಳಬಹುದು ಎಂದು ವೈದ್ಯೆ ಹೇಳಿದರೂ, ಗದ್ದಕ್ಕೆ ರೇಜರ್ ತಾಗಿಸಲು ನನ್ನ ಕೈ ನಡುಗಿತು. ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ, ಅದು ನಿಜವಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ.

ಸಿಟ್ಟಿಂಗ್ ಎಂಬುದು ಹತ್ತು ನಿಮಿಷದ ಕೆಲಸ. ಕಣ್ಣಿಗೆ ಬೆಳಕು ಹಾಯದ ಕನ್ನಡಕ ಹಾಕುತ್ತಾರೆ, ಕೋಣೆಯಲ್ಲಿರುವ ಎಲ್ಲರೂ ಹಾಕಿಕೊಳ್ಳಬೇಕು. ಇದು ಕಣ್ಣಿನ ಪ್ರಶ್ನೆ, ರಾಜಿಯ ಮಾತೇ ಇಲ್ಲ. ತಣ್ಣನೆಯ ಜೆಲ್ ಹಚ್ಚಿ, ತುದಿ ತಂಪಾಗಿರುವ ಹಿಡಿಕೆಯನ್ನು ಒತ್ತಿ ಒಂದೊಂದೇ ಜಾಗಕ್ಕೆ ಬೆಳಕು ಬಿಡುತ್ತಾರೆ. ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ತಾಗಿದಾಗ ಚುರುಕ್ಕೆನ್ನುವಂಥ ನೋವು. ಗದ್ದದ ನಡುವೆ ಕೂದಲು ಒತ್ತಾಗಿರುವ ಕಡೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಕೂದಲು ಸೀದ ವಾಸನೆ ಬರುತ್ತದೆ, ಗಾಬರಿಯಾಗಬೇಕಿಲ್ಲ. ಮುಗಿದ ಮೇಲೆ ಪ್ರತಿ ಕೂದಲಿನ ಬುಡದಲ್ಲಿಯೂ ಸೊಳ್ಳೆ ಕಚ್ಚಿದಂತೆ ಸಣ್ಣ ಊತ ಕಾಣುತ್ತದೆ, ಬೆಳಕು ಸರಿಯಾದ ಜಾಗ ತಲುಪಿದೆ ಎಂಬುದಕ್ಕೆ ಅದೇ ಗುರುತು. ನನಗೆ ಅದು ಮರುದಿನ ಬೆಳಗಿನೊಳಗೆ ಇಳಿಯುತ್ತಿತ್ತು. ಎರಡು ದಿನ ಬಿಸಿನೀರು, ಹಬೆ, ವ್ಯಾಯಾಮ ಬೇಡವೆಂದರು. ಮುಂದಿನ ಎರಡು ವಾರದಲ್ಲಿ ಕೂದಲು ಬೆಳೆಯುತ್ತಿರುವಂತೆ ಕಾಣುತ್ತದೆ, ನಿಜವಾಗಿ ಅದು ಸುಟ್ಟ ಕೂದಲು ಹೊರಗೆ ಬಂದು ಉದುರುವ ಬಗೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ ‘ಮೋಸಹೋದೆ’ ಎಂದು ಅನಿಸುವುದು ಸಹಜ.

ಒಂದೇ ಸಲಕ್ಕೆ ಏಕೆ ಆಗುವುದಿಲ್ಲ ಎಂಬುದಕ್ಕೂ ಕಾರಣ ಸರಳ. ಯಾವುದೇ ದಿನ ನೋಡಿದರೂ ಮುಖದ ಕೂದಲುಗಳಲ್ಲಿ ಕೆಲವು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಬೆಳೆಯುತ್ತಿರುವ ಹಂತದಲ್ಲಿದ್ದದ್ದು ಮಾತ್ರ ಲೇಸರಿಗೆ ಸರಿಯಾಗಿ ಸಿಕ್ಕುತ್ತದೆ. ಹಾಗಾಗಿ ಮುಖಕ್ಕೆ ನಾಲ್ಕರಿಂದ ಆರು ವಾರ, ಕೈಕಾಲಿಗೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಮತ್ತೆ ಹೋಗಬೇಕು. ನನ್ನ ವಿಷಯದಲ್ಲಿ ಮೇ ತಿಂಗಳಿನಲ್ಲಿ ಗೋಕರ್ಣಕ್ಕೆ ಹೋಗಿ ಮುಖ ಕಪ್ಪಿಟ್ಟು ಬಂದಾಗ, ಬಿಸಿಲಿನ ಬಣ್ಣ ಇಳಿಯುವ ತನಕ ಮುಟ್ಟುವುದಿಲ್ಲ ಎಂದು ವೈದ್ಯೆ ಒಂದು ತಿಂಗಳು ಮುಂದೂಡಿದರು. ಹಣ ಬರುತ್ತಿದ್ದರೂ ಬೇಡವೆಂದ ಆ ನಿಲುವಿಗೆ ನಾನು ಗೌರವ ಕೊಡುತ್ತೇನೆ. ಒಟ್ಟಾರೆ ಹತ್ತು ತಿಂಗಳಾಯಿತು. ಮದುವೆಗೆ ಎರಡು ತಿಂಗಳಿರುವಾಗ ಬಂದು ಕೇಳುವ ಹುಡುಗಿಯರನ್ನು ಹೊರಗೆ ಕಾಯುವ ಕೋಣೆಯಲ್ಲಿ ನಾನು ಕಂಡಿದ್ದೇನೆ. ಅಷ್ಟು ಅವಸರದಲ್ಲಿ ಇದು ಆಗುವ ಕೆಲಸವಲ್ಲ, ಒಂದು ವರ್ಷ ಮೊದಲೇ ಶುರುಮಾಡಬೇಕು.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಕೆನ್ನೆಯ ವಿಷಯ. ಗದ್ದದ ಜೊತೆಗೆ ಕೆನ್ನೆಯ ಮೇಲಿನ ನವಿರು ಕೂದಲನ್ನೂ ತೆಗೆಸಿಬಿಡೋಣ ಎಂದು ನಾನು ಕೇಳಿದಾಗ ವೈದ್ಯೆ ಖಂಡಿತವಾಗಿ ಒಪ್ಪಲಿಲ್ಲ. ತೆಳುವಾದ, ಬಣ್ಣ ಕಡಿಮೆಯಿರುವ ಕೂದಲಿಗೆ ಲೇಸರಿನ ಕಾವು ಸಾಯಿಸುವಷ್ಟು ತಾಗದೆ, ಕೆಲವರಲ್ಲಿ ಬೆಳವಣಿಗೆಯನ್ನೇ ಪ್ರಚೋದಿಸಿ, ಇಲ್ಲದ ಕಡೆ ದಪ್ಪ ಕೂದಲು ಹುಟ್ಟುವಂತೆ ಮಾಡುವುದುಂಟು. ಇದು ಅಪರೂಪವಾದರೂ, ಆಗುವವರಲ್ಲಿ ಹೆಚ್ಚಾಗಿ ಆಗುವುದು ಮುಖ ಮತ್ತು ಕುತ್ತಿಗೆಯಲ್ಲಿಯೇ. ಕಂದು ಚರ್ಮದವರಿಗೆ, ಹಾರ್ಮೋನಿನ ತೊಂದರೆಯಿರುವವರಿಗೆ ಅಪಾಯ ಹೆಚ್ಚು. ಅಂದರೆ ನಮ್ಮಂಥವರಿಗೇ. ‘ಫುಲ್ ಫೇಸ್’ ಪ್ಯಾಕೇಜನ್ನು ರಿಯಾಯಿತಿ ದರದಲ್ಲಿ ಮಾರುವ ಕಡೆಗಳಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಕೆನ್ನೆಯ ನವಿರು ಕೂದಲು ರೋಗವಲ್ಲ, ಅದನ್ನು ಹಾಗೆಯೇ ಬಿಡಿ ಎಂದು ವೈದ್ಯೆ ಹೇಳಿದ್ದನ್ನು ಕೇಳಿದ್ದಕ್ಕೆ ನನಗೆ ಸಂತೋಷವಿದೆ.

ಒಮ್ಮೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅರವತ್ತೊಂದು ವರ್ಷದ ಅವರ ಗದ್ದದಲ್ಲಿ ಏಳೆಂಟು ಕೂದಲು, ಎಲ್ಲವೂ ನರೆತಿವೆ. “ಬಿಳಿ ಕೂದಲಲ್ಲಿ ಬಣ್ಣವೇ ಇಲ್ಲವಲ್ಲಮ್ಮ, ಲೇಸರ್ ಯಾವುದನ್ನು ಹಿಡಿಯಬೇಕು?” ಎಂದು ವೈದ್ಯೆ ಅವರಿಗೆ ತಿಳಿಸಿ ಹೇಳಿ, ಪರೀಕ್ಷಾ ಶುಲ್ಕವನ್ನೂ ಪಡೆಯದೆ ಕಳಿಸಿದರು. ಒಂದೊಂದೇ ಕೂದಲಿನ ಬುಡಕ್ಕೆ ಸೂಜಿಯಿಂದ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಎಂಬ ವಿಧಾನ ಮಾತ್ರ ಅದಕ್ಕೆ ದಾರಿ. ಗರ್ಭಿಣಿಯರಿಗೆ ಇವರು ಲೇಸರ್ ಮಾಡುವುದಿಲ್ಲ. ಮಚ್ಚೆ ಮತ್ತು ಹಚ್ಚೆಯಿರುವ ಜಾಗವನ್ನು ಬಿಡುತ್ತಾರೆ. ಹುಬ್ಬಿನ ಕೆಳಗಂತೂ ಯಾರೂ ಮಾಡಿಸಿಕೊಳ್ಳಬಾರದು.

ಖರ್ಚಿನ ಲೆಕ್ಕ ಹೀಗಿದೆ: ಒಂದು ಸಿಟ್ಟಿಂಗಿಗೆ 2,200 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ, ಎಂಟಕ್ಕೆ ಒಟ್ಟು 20,768 ರೂಪಾಯಿ ಆಯಿತು. ಮುಂಗಡ ಪ್ಯಾಕೇಜಿಗೆ ಒತ್ತಾಯವಿಲ್ಲ, ಆಯಾ ದಿನದ ಹಣ ಆಯಾ ದಿನ. ಆರೋಗ್ಯ ವಿಮೆಯಿಂದ ಏನೂ ಬರಲಿಲ್ಲ.

ಕೊರತೆಗಳೂ ಇವೆ, ಹೇಳದಿದ್ದರೆ ತಪ್ಪಾಗುತ್ತದೆ. ಶನಿವಾರ ಹೋದರೆ ಸಮಯ ಪಡೆದಿದ್ದರೂ ಒಂದು ಗಂಟೆ ಕಾಯಬೇಕು. ಐದನೆಯ ಸಿಟ್ಟಿಂಗಿಗೆ ಎಂದಿನ ಸಹಾಯಕಿಯ ಬದಲು ಹೊಸಬರು ಬಂದಿದ್ದರು. ಹಿಂದಿನ ಸಲದ ಅಳತೆಯನ್ನು ನೋಡದೆ ಶಕ್ತಿಯನ್ನು ಏರಿಸಿದ್ದರಿಂದ ಉರಿ ಮೂರು ದಿನ ಉಳಿಯಿತು. ಅದೃಷ್ಟವಶಾತ್ ಕಲೆಯಾಗಲಿಲ್ಲ. ನಾನು ಹೇಳಿದ ಮೇಲೆ ವೈದ್ಯೆ ತಪ್ಪನ್ನು ಒಪ್ಪಿಕೊಂಡು, ಅಲ್ಲಿಂದ ಮುಂದೆ ಯಂತ್ರ, ಶಕ್ತಿ, ಮಿಡಿತದ ಅವಧಿ ಇಷ್ಟನ್ನೂ ಬರೆದ ಕಾರ್ಡನ್ನು ನನ್ನ ಕೈಗೇ ಕೊಟ್ಟರು. ಈ ಕಾರ್ಡನ್ನು ಎಲ್ಲ ಕ್ಲಿನಿಕ್ಕುಗಳಲ್ಲಿಯೂ ಕೇಳಿ ಪಡೆಯುವುದು ಒಳ್ಳೆಯದು. ಹಾಗೆಯೇ ಗೋಡೆಯ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯೇ, ವೈದ್ಯರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಿ. ಪಾರ್ಲರಿನಲ್ಲಿ ನಾನು ಇದನ್ನು ನೋಡಿರಲಿಲ್ಲ.

ಔಷಧ ಮತ್ತು ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಈ ಯಂತ್ರಗಳ ವಿಷಯದಲ್ಲಿ ಒಪ್ಪುವುದು ಕೂದಲಿನ ಸಂಖ್ಯೆ ‘ಶಾಶ್ವತವಾಗಿ ಕಡಿಮೆಯಾಗುತ್ತದೆ’ ಎಂಬ ಮಾತನ್ನು ಮಾತ್ರ, ಕೂದಲು ಶಾಶ್ವತವಾಗಿ ಹೋಗುತ್ತದೆ ಎಂಬುದನ್ನಲ್ಲ. ಪಿಸಿಓಡಿ ಇರುವುದರಿಂದ ನನಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಸಿಟ್ಟಿಂಗ್ ಬೇಕಾಗಬಹುದು ಎಂದು ವೈದ್ಯೆ ಹೇಳಿದ್ದಾರೆ, ಮಾರ್ಚ್‌ನಲ್ಲಿ ಒಂದು ದಿನ ಗೊತ್ತಾಗಿದೆ. ಅಲ್ಲಿಯತನಕ ದಿನವೂ ಸನ್‌ಸ್ಕ್ರೀನ್ ಹಚ್ಚಿ, ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದೇನೆ. ತರಗತಿಯಲ್ಲಿ ಮಾತ್ರ ಕುತ್ತಿಗೆಗೆ ದುಪಟ್ಟಾ ಸುತ್ತುವುದನ್ನು ಬಿಟ್ಟಿದ್ದೇನೆ.