ಅವ್ವನ ಹೆಸರಲ್ಲಿ ಮೂರು ಸಿಮ್: ಸಂಚಾರ್ ಸಾಥಿ ಬಳಸಿ ನೋಡಿದೆ

ನಮ್ಮ ಅವ್ವನ ಹತ್ತಿರ ಇರುವುದು ಒಂದೇ ಫೋನು, ಒಂದೇ ಸಿಮ್ಮು. ಸಂಚಾರ್ ಸಾಥಿಯಲ್ಲಿ ನೋಡಿದರೆ ಅವಳ ಹೆಸರಲ್ಲಿ ಮೂರು ನಂಬರ್ ಇದ್ದವು. ಒಂದು ಈಗಿನದು, ಇನ್ನೊಂದು ಅಪ್ಪ ಮೊದಲು ಬಳಸುತ್ತಿದ್ದದ್ದು. ಮೂರನೆಯದು ಯಾರದೋ ದೇವರಿಗೇ ಗೊತ್ತು.

ಸಂಚಾರ್ ಸಾಥಿ ಕೇಂದ್ರದ ದೂರಸಂಪರ್ಕ ಇಲಾಖೆಯದು. ವೆಬ್‌ಸೈಟ್ 2023ರಲ್ಲಿ ಬಂತು, ಆ್ಯಪ್ 2025ರ ಜನವರಿಯಲ್ಲಿ. ಅದೇ ವರ್ಷದ ಕೊನೆಗೆ ಎಲ್ಲ ಹೊಸ ಫೋನಿನಲ್ಲೂ ಈ ಆ್ಯಪ್ ಮೊದಲೇ ಇರಬೇಕು ಅಂತ ಆದೇಶ ಬಂದು ಗಲಾಟೆಯಾಗಿ, ಡಿಸೆಂಬರ್ 3ಕ್ಕೆ ಅದನ್ನು ವಾಪಸ್ ತೆಗೆದುಕೊಂಡರು, ನೆನಪಿರಬಹುದು. ವಾಪಸ್ ತೆಗೆದುಕೊಂಡಿದ್ದೇ ಸರಿ ಅಂತ ನನ್ನ ಅನಿಸಿಕೆ. ಬೇಕಾದವರು ಹಾಕಿಕೊಳ್ಳಲಿ. ಆ್ಯಪ್ ಬೇಡ ಅನ್ನುವವರು ಇದೇ ಕೆಲಸವನ್ನು ವೆಬ್‌ಸೈಟಿನಲ್ಲೂ ಮಾಡಬಹುದು. ನಾನು ಅವ್ವನಿಗೆ ಮಾಡಿದ್ದೂ ಹಾಗೇ.

ನಂಬರ್ ಹಾಕಿದೆ, ಅವ್ವನ ಫೋನಿಗೆ ಓಟಿಪಿ ಬಂತು. ಕೇಳಿದರೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಯಾರಿಗೂ ಹೇಳಬ್ಯಾಡ ಅಂತ ದಿನಾ ಬಡ್ಕೊಳ್ಳಾಂವ ನೀನೇ, ಈಗ ನೀನೇ ಕೇಳ್ತಿ?" ಏನು ಹೇಳಲಿ! ಯೋಚನೆ ಮಾಡಿದರೆ ಅವಳದ್ದೇ ಸರಿ. ಕೊನೆಗೆ ಹೀಗೆ ಹೇಳಿದೆ: ನಾವಾಗಿ ಬಾಗಿಲು ತೆಗೆದು ಒಳಗೆ ಹೋಗುವಾಗ ಬರುವ ಓಟಿಪಿ ಬೇರೆ, ಯಾರೋ ಫೋನ್ ಮಾಡಿ ಕೇಳುವ ಓಟಿಪಿ ಬೇರೆ. ಹಾಗಂದ ಮೇಲೂ ನನಗೆ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ತಾನೇ ಒಂದೊಂದು ಅಂಕಿ ಒತ್ತಿದಳು.

ಪಟ್ಟಿ ಬಂದ ಮೇಲೆ ಪ್ರತಿ ನಂಬರಿಗೂ ಇದು ನನ್ನದಲ್ಲ, ಇದು ಬೇಕಾಗಿಲ್ಲ, ಇದು ಬೇಕು ಅಂತ ಆಯ್ಕೆ ಇರುತ್ತದೆ. ಗಡಿಬಿಡಿಯಲ್ಲಿ, ಈಗ ಬಳಸುತ್ತಿರುವ ನಂಬರಿಗೇ ಬೇಕಾಗಿಲ್ಲ ಅಂತ ಒತ್ತಿಬಿಟ್ಟೀರಿ, ಹುಷಾರು. ಅಪ್ಪನ ಹಳೆಯದಕ್ಕೆ ಬೇಕಾಗಿಲ್ಲ, ಗುರುತಿಲ್ಲದ್ದಕ್ಕೆ ನನ್ನದಲ್ಲ ಅಂತ ಕೊಟ್ಟೆವು. ಒಂದು ರೆಫರೆನ್ಸ್ ನಂಬರ್ ಬಂತು, ಬರೆದಿಟ್ಟುಕೊಂಡೆ.

ಆ ಮೂರನೆಯದು ಎಲ್ಲಿಂದ ಬಂತು ಅಂದರೆ, ನನಗೆ ಅನುಮಾನ ಇರುವುದು ರಸ್ತೆ ಬದಿ ಛತ್ರಿ ಕೆಳಗೆ ಸಿಮ್ ಮಾರುತ್ತಿದ್ದ ಒಬ್ಬ ಹುಡುಗನ ಮೇಲೆ. ಹೆಬ್ಬೆಟ್ಟು ಬರ್ತಿಲ್ಲ, ಸೆರಗಿಗೆ ಒರೆಸಿ ಮತ್ತೊಮ್ಮೆ ಇಡ್ರಿ ಅಂತ ಮೂರು ಸಲ ಇಡಿಸಿದ್ದನಂತೆ. ಹೊಲದಲ್ಲಿ ದುಡಿದ ಕೈ, ಗೆರೆ ಸವೆದಿರುತ್ತವೆ, ಅವ್ವ ನಂಬಿದಳು. ಹೀಗೆ ಹೆಚ್ಚಿಗೆ ಇಡಿಸಿಕೊಂಡ ಹೆಬ್ಬೆಟ್ಟಿನಲ್ಲಿ ನಮಗೆ ಗೊತ್ತಿಲ್ಲದೆ ತೆಗೆದ ಸಿಮ್ಮಿನಿಂದ ವಾಟ್ಸಾಪ್ ಶುರು ಮಾಡಿ ಯಾರಿಗಾದರೂ ಟೋಪಿ ಹಾಕಿದರೆ ಪೊಲೀಸರು ಮೊದಲು ಬಾಗಿಲು ಬಡಿಯುವುದು ನಮ್ಮದೇ ಅಲ್ವಾ? ಒಬ್ಬರ ಹೆಸರಲ್ಲಿ ನಮ್ಮ ಕಡೆ 9 ಸಿಮ್ ತನಕ ಇರಬಹುದು, ಹಾಗಾಗಿ ಒಂದೆರಡು ಜಾಸ್ತಿ ಇದ್ದರೆ ತಾನಾಗಿ ಗೊತ್ತಾಗಲ್ಲ.

ಇದರಲ್ಲೇ ಚಕ್ಷು ಅಂತ ಇನ್ನೊಂದಿದೆ. ಮೋಸದ ಕರೆ, ಮೆಸೇಜು, ವಾಟ್ಸಾಪ್ ಬಂದಿದ್ದರೆ 30 ದಿನದ ಒಳಗಿನದನ್ನು ಸ್ಕ್ರೀನ್‌ಶಾಟ್ ಹಚ್ಚಿ ತಿಳಿಸಬಹುದು. ನಮಗೆ ಇದು ಬೇಕಾಗಿದ್ದು ಕಾಕಾನಿಂದ. ಕಲಬುರಗಿ ಗಂಜ್‌ನಲ್ಲಿ ತೊಗರಿ ಮಾರಿ ಖಾತೆಗೆ ರೊಕ್ಕ ಬಂದ ವಾರವೇ, ಊರಿನ ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿನಲ್ಲಿ ಆ್ಯಪ್ ಹಾಕುವಂಥದ್ದು) ಬಂತು. ಕಳಿಸಿದವನು ಗುರುತಿನವನೇ, ಪಾಪ ಅವನ ಫೋನ್ ಆಗಲೇ ಹ್ಯಾಕ್ ಆಗಿತ್ತು. ಇಂಥದ್ದು ಒಮ್ಮೆ ಫೋನಿನಲ್ಲಿ ಕೂತು ಮೆಸೇಜ್ ಓದಲು ಅನುಮತಿ ಪಡೆದರೆ ಮುಗೀತು. ಓಟಿಪಿಯನ್ನು ನೀವು ಹೇಳುವುದೇ ಬೇಕಿಲ್ಲ, ಅದೇ ಓದಿ ಕಳ್ಳನಿಗೆ ಕಳಿಸುತ್ತದೆ. ಓಟಿಪಿ ಹೇಳಬೇಡಿ ಅನ್ನುವ ಜಾಹೀರಾತು ಇಲ್ಲಿ ಏನೂ ಕೆಲಸಕ್ಕೆ ಬರಲ್ಲ.

ಕಾಕಾ ಒತ್ತಿಯೂ ಆಗಿತ್ತು. ಆದರೆ ಫೋನಿನ ತುಂಬ ಶುಭೋದಯದ ಚಿತ್ರಗಳು, ಮೆಮೊರಿ ಸಾಲದೆ ಇನ್‌ಸ್ಟಾಲ್ ಆಗಲಿಲ್ಲ! ಫೈಲ್ ಅಳಿಸಿ, ಗುಂಪಿನಲ್ಲಿ ಎಲ್ಲರಿಗೂ ಹೇಳಿ, ಚಕ್ಷುವಿನಲ್ಲಿ ಹಾಕಿದೆ. ಐದು ನಿಮಿಷದ ಕೆಲಸ.

ಚಕ್ಷುವಿನಿಂದ ಹೋದ ದುಡ್ಡು ವಾಪಸ್ ಬರಲ್ಲ, ಅದು ಆ ಕೆಲಸಕ್ಕೆ ಇರುವುದೂ ಅಲ್ಲ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದೂ ತಕ್ಷಣ. ಕಳ್ಳ ಆ ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ತಡೆ ಹಾಕಿಸಬೇಕು. ಮನೆಯವರಿಗೆ ಗೊತ್ತಾದರೆ ಬೈತಾರೆ ಅಂತ ಸುಮ್ನೆ ಕೂತರೆ ಅಷ್ಟರಲ್ಲಿ ಅದು ಯಾವ ರಾಜ್ಯದಲ್ಲೋ ಡ್ರಾ ಆಗಿರುತ್ತದೆ. ಕಳೆದ ಫೋನ್ ಬ್ಲಾಕ್ ಮಾಡಿಸುವುದೂ ಸಂಚಾರ್ ಸಾಥಿಯಲ್ಲಿ ಇದೆ, ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ. ನನಗೆ ಅದರ ಪ್ರಸಂಗ ಬಂದಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಯಾಕೆಂದರೆ, ಕಾಕಾನಂಥವರು ಒಬ್ಬರೇ ಕೂತು ಇದನ್ನು ಬಳಸಲಾರರು, ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಮೊನ್ನೆ ಅವರ ಫೋನಿನಲ್ಲೂ ಆ್ಯಪ್ ಹಾಕಲು ಕೂತೆ. ಜಾಗ ಇಲ್ಲ ಅಂತ ಬಂತು. ಚಿತ್ರ ಅಳಿಸ್ಲಾ ಕಾಕಾ ಅಂದರೆ ಫೋನ್ ಕಸಿದುಕೊಂಡರು. "ಅವೇ ಉಳಿಸ್ಯಾವ ನನ್ನ ರೊಕ್ಕ, ಮುಟ್ಟಬ್ಯಾಡ."