ಪಾಮ್ ಜುಮೇರಾ ಅಥವಾ ಮಸ್ಕತ್‌ನ ಬರ್ ಅಲ್ ಜಿಸ್ಸಾ: ಯಾವ ರೆಸಾರ್ಟ್?

ಪುಟ್ಟ ಮಕ್ಕಳಿದ್ದರೆ ದುಬೈನ ಕಡಲಲ್ಲಿ ತಾಳೆಮರದಾಕಾರದಲ್ಲಿ ಕಟ್ಟಿದ ದ್ವೀಪ ಪಾಮ್ ಜುಮೇರಾ ಸಲೀಸು. ಅರ್ಧಚಂದ್ರಾಕಾರದ ತಡೆಗೋಡೆ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಭಾಗದ ನೀರು ಶಾಂತ; ಮಾಲ್, ಮೋನೊರೈಲು ಹತ್ತಿರ. ಪಂಚತಾರಾ ಕೋಣೆಗೆ ರಾತ್ರಿಗೆ 20 ದಿರ್ಹಮ್ ಪ್ರವಾಸೋದ್ಯಮ ಶುಲ್ಕ ಬೇರೆ. ಬುಕಿಂಗ್ ದರದಲ್ಲಿ ಅದು ಹೆಚ್ಚಾಗಿ ಸೇರಿರುವುದಿಲ್ಲ.

ನೆಮ್ಮದಿಯೇ ಬೇಕೆಂದರೆ ಬರ್ ಅಲ್ ಜಿಸ್ಸಾವೇ ಸರಿ: ಬೋಳುಬೆಟ್ಟಗಳ ಮಡಿಲಿನ ಕೊಲ್ಲಿ, ಕಡಲಾಮೆಗಳು ಮೊಟ್ಟೆಯಿಡುವ ಮರಳು. ಊರಿಂದ ದೂರವಾದ್ದರಿಂದ ಪ್ರತಿ ಸಲವೂ ಕಾರು ಬೇಕು. ರಾತ್ರಿಯೂಟ ಸೇರಿದ ಪ್ಯಾಕೇಜನ್ನೇ ಕೊಳ್ಳಿ.

ಸ್ಪಾದಲ್ಲಿ ಹಮಾಮ್ (ಹಬೆಯಲ್ಲಿ ಕೂರಿಸಿ ಮೈಯುಜ್ಜುವ ಸ್ನಾನ) ಮಾಡಿಸುವುದಾದರೆ ಅಂದು ಶೇವಿಂಗ್ ಬೇಡ. ಒರಟು ಗವಸಿನಿಂದ ಉಜ್ಜಿದ ಚರ್ಮಕ್ಕೆ ಉಪ್ಪುನೀರು, ಬಿಸಿಲು ತಗುಲಿದರೆ ವಿಪರೀತ ಉರಿ. ಹಾಗಾಗಿ ಈಜು ಬೆಳಗ್ಗೆ, ಹಮಾಮ್ ಸಂಜೆ.

ಜೂನ್‌ನಿಂದ ಆಗಸ್ಟ್‌ವರೆಗೆ ಎರಡೂ ಕಡೆ ದರ ಇಳಿಯುತ್ತದೆ. ಆದರೆ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ಮರಳ ಮೇಲೆ ಕಾಲಿಡಲಾಗದು. ಕಡಲಿಗಾಗಿಯೇ ಹೋಗುವವರು ನವೆಂಬರ್–ಮಾರ್ಚ್ ನೋಡಿ.